ಸಾರಿನ ಪುಡಿಯೊಳಗಿನ ಚರಿತ್ರೆ

ಒಂದೇ ಬೀದಿಯ ಎರಡು ಮನೆಗಳ ಸಾರು ಒಂದೇ ರುಚಿ ಇರುವುದಿಲ್ಲ. ಬೇಳೆ, ಹುಣಸೆಹಣ್ಣು, ಉಪ್ಪು ಎಲ್ಲವೂ ಒಂದೇ ಅಂಗಡಿಯಿಂದ ಬಂದಿದ್ದರೂ ಘಮ ಬೇರೆ. ಇದರ ಗುಟ್ಟು ಇರುವುದು ಒಲೆಯ ಪಕ್ಕದ ಪುಡಿ ಡಬ್ಬಿಯಲ್ಲಿ. ಆ ಡಬ್ಬಿಯೊಳಗೆ ರುಚಿಯ ಜತೆಗೆ ಐದು ಶತಮಾನಗಳ ಚರಿತ್ರೆಯೂ ಒಂದಷ್ಟು ರಸಾಯನ ವಿಜ್ಞಾನವೂ ಅಡಗಿವೆ.

ಮೆಣಸಿನಕಾಯಿ ಇಲ್ಲದ ಮಸಾಲೆಯನ್ನು ಇಂದು ಊಹಿಸುವುದೂ ಕಷ್ಟ. ಆದರೆ ಅದು ಈ ನೆಲದ ಬೆಳೆಯಲ್ಲ. ಅಮೆರಿಕ ಖಂಡದ ಈ ಗಿಡ 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ಅದಕ್ಕೆ ಮೊದಲು ಖಾರವೆಂದರೆ ಪಶ್ಚಿಮ ಘಟ್ಟದ ಬಳ್ಳಿಯ ಮೆಣಸು, ಶುಂಠಿ, ಹಿಪ್ಪಲಿ. ಈ ಮೆಣಸಿನ ವ್ಯಾಪಾರದಿಂದಾಗಿಯೇ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದರು. ಹೊಸದಾಗಿ ಬಂದ ಕಾಯಿಗೂ ಅದೇ ಹೆಸರು ಅಂಟಿಕೊಂಡಾಗ ಹಳೆಯ ಮೆಣಸು ತನ್ನ ಗುರುತಿಗಾಗಿ ‘ಕಾಳುಮೆಣಸು’, ‘ಕರಿಮೆಣಸು’, ‘ಒಳ್ಳೆಮೆಣಸು’ ಆಗಬೇಕಾಯಿತು. ಹಲವು ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಖಾರಕ್ಕೆ ಕಾಳುಮೆಣಸೇ ಬೇಕು.

ಹುರಿಯುವ ಹದ

ಹುರಿದಾಗ ಕಾಳಿನ ತೇವ ಆರಿ ಪುಡಿ ಮಾಡುವುದು ಸುಲಭವಾಗುತ್ತದೆ, ಶಾಖಕ್ಕೆ ಹೊಸ ಪರಿಮಳಗಳೂ ಹುಟ್ಟುತ್ತವೆ. ಆದರೆ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯುವಂತಿಲ್ಲ. ಕೊತ್ತಂಬರಿ ಬೀಜಕ್ಕೆ ಸಣ್ಣ ಉರಿ, ಹೆಚ್ಚು ಸಮಯ ಬೇಕು. ಜೀರಿಗೆಗೆ ಕೆಲವೇ ಕ್ಷಣ ಸಾಕು. ಮೆಂತ್ಯ ಕಂದಿದರೆ ಇಡೀ ಪುಡಿ ಕಹಿ. ಸುಮಾರು 2 ಬಟ್ಟಲು ಕೊತ್ತಂಬರಿಗೆ 100 ಗ್ರಾಂ ಬ್ಯಾಡಗಿ ಮೆಣಸಿನಕಾಯಿ, ಕಾಲು ಬಟ್ಟಲು ಜೀರಿಗೆ, 2 ಚಮಚ ಕಾಳುಮೆಣಸು, ಒಂದೊಂದು ಚಮಚ ಮೆಂತ್ಯ ಮತ್ತು ಸಾಸಿವೆ, ಕರಿಬೇವು, ಇಂಗು ಹಳೇ ಮೈಸೂರಿನ ಕಡೆಯ ಒಂದು ಸಾಮಾನ್ಯ ಲೆಕ್ಕ. ಬೇಳೆಗಳು ಸೇರಿದರೆ ಅದು ಹುಳಿಪುಡಿಯ ದಾರಿ ಹಿಡಿಯುತ್ತದೆ.

ಪುಡಿಯಾದ ಮೇಲೆ ಗಾಳಿ ತಾಗುವ ಮೇಲ್ಮೈ ಹಲವು ಪಟ್ಟು ಹೆಚ್ಚಿ, ಪರಿಮಳದ ಎಣ್ಣೆಗಳು ಬೇಗ ಆರಿಹೋಗುತ್ತವೆ. ಆದ್ದರಿಂದಲೇ ಸ್ವಲ್ಪ ಸ್ವಲ್ಪ ಮಾಡಿ, ಪೂರ್ತಿ ತಣಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬುವುದು ಜಾಣತನ. ಬಿಸಿಯಾಗಿ ತುಂಬಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ.

ಊರಿಗೊಂದು ಖಾರ

ಕರಾವಳಿಯಲ್ಲಿ ಪುಡಿಗಿಂತ ಅರೆಪ್ಪಿಗೆ ಪ್ರಾಶಸ್ತ್ಯ. ಹುರಿದ ಮೆಣಸಿನಕಾಯಿ, ಕೊತ್ತಂಬರಿಯನ್ನು ಹಸಿ ತೆಂಗಿನಕಾಯಿಯೊಂದಿಗೆ ನುಣ್ಣಗೆ ಅರೆಯುತ್ತಾರೆ. ಖಾರದ ಅಂಶವಾದ ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುವಂಥದು. ತೆಂಗಿನ ಜತೆ ಖಾರ ಮೆದುವಾಗುವುದಕ್ಕೆ ಅದೇ ಕಾರಣ. ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಒಣಕೊಬ್ಬರಿ ಸೇರುತ್ತವೆ. ಕೊಡಗಿನಲ್ಲಿ ಕಪ್ಪಾಗುವವರೆಗೆ ಹುರಿದ ಪುಡಿಗೆ ಕಾಚಂಪುಳಿಯೇ ಜತೆಗಾರ.

ಹೆಚ್ಚು ಬಣ್ಣ, ಕಡಿಮೆ ಖಾರದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಗುರುತು ಸಿಕ್ಕ ಮಾತ್ರಕ್ಕೆ ಬೆಳೆಗಾರನ ಬವಣೆ ತಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ವಾಹನಗಳಿಗೆ ಬೆಂಕಿ ಹಚ್ಚುವಷ್ಟು ತಾರಕಕ್ಕೇರಿತ್ತು.

ಅಂಗಡಿಯ ಪೊಟ್ಟಣವನ್ನು ಹಳಿಯುವುದು ಸುಲಭ. ಆದರೆ ಕುಟ್ಟುವ, ಬೀಸುವ, ರುಬ್ಬುವ ದುಡಿಮೆ ಹೆಣ್ಣುಮಕ್ಕಳ ರಟ್ಟೆಯನ್ನೇ ಬೇಡುತ್ತಿತ್ತು. ಗಿರಣಿ, ಮಿಕ್ಸರ್, ಪೊಟ್ಟಣಗಳು ಆ ಭಾರ ಇಳಿಸಿದವು ಎಂಬುದನ್ನು ಮರೆಯುವಂತಿಲ್ಲ. ಇನ್ನೊಂದೆಡೆ, ಸುಡಾನ್ ಎಂಬ ನಿಷಿದ್ಧ ಕೆಂಪು ಬಣ್ಣ 2003ರಲ್ಲಿ ಯುರೋಪಿಗೆ ಹೋದ ಮೆಣಸಿನ ಪುಡಿಯಲ್ಲಿ ಪತ್ತೆಯಾದದ್ದೂ ನಿಜ. ಪುಡಿಯಾದ ಮೇಲೆ ಬೆರಕೆ ಕಣ್ಣಿಗೆ ಕಾಣುವುದಿಲ್ಲ.

ಮನೆಯ ಮಸಾಲೆಗೆ ನಿಜವಾದ ಅಪಾಯ ಬೇರೆಯೇ ಇದೆ. ಅದರ ಅಳತೆ ಪುಸ್ತಕದಲ್ಲಿಲ್ಲ, ‘ಒಂದು ಹಿಡಿ’, ‘ಒಂದು ಚಿಟಿಕೆ’ ಎಂದು ಹಿರಿಯರ ಕೈಯಲ್ಲಿದೆ. ಕೈ ಹೋದರೆ ಅಳತೆಯೂ ಹೋಗುತ್ತದೆ. ಮುಂದಿನ ಬಾರಿ ಪುಡಿ ಮಾಡುವಾಗ ಆ ಹಿಡಿಯನ್ನು ತಕ್ಕಡಿಗೆ ಹಾಕಿ ಬರೆದಿಟ್ಟರೆ, ಒಂದು ಮನೆಯ ರುಚಿ ಇನ್ನೊಂದು ತಲೆಮಾರಿಗೆ ಉಳಿದೀತು.