ಮೆಕ್ಕೆಜೋಳದ ಶತ್ರು, ವಿಜ್ಞಾನದ ಮಿತ್ರ

ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತು. ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ. ಇದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸವೆಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಆದರೆ ರಕ್ತದಲ್ಲಿ ಹರಿದು ಬರುವ ಈ ಹಾರ್ಮೋನು ಜೀವಕೋಶದ ಹೊರಗೇ ನಿಂತು ಒಳಗೆ ಸುದ್ದಿ ಮುಟ್ಟಿಸುತ್ತದೆ. ಅದು ಹೇಗೆ?

ಕೋಶದ ಪೊರೆಯಲ್ಲಿ ‘ಗ್ರಾಹಕ’ಗಳೆಂಬ ಪ್ರೋಟೀನುಗಳಿವೆ. ಇವು ಮನೆಬಾಗಿಲಿನ ಕರೆಗಂಟೆಯಂತೆ. ಹೊರಗೆ ಗುಂಡಿ ಒತ್ತಿದರೆ ಒಳಗೆ ಸದ್ದು. ಒಳಗಡೆ ಆ ಸುದ್ದಿಯನ್ನು ಒಯ್ಯುವುದು ‘ಜಿ-ಪ್ರೋಟೀನು’. ಅಡ್ರಿನಲಿನ್ ಒತ್ತುವ ಗುಂಡಿಗಳಲ್ಲಿ ಒಂದರ ಹೆಸರು ಬೀಟಾ-2. ಶ್ವಾಸನಾಳದ ಸ್ನಾಯುಗಳಲ್ಲಿ ಇದು ಹೇರಳ. ಆಸ್ತಮಾ ಇರುವ ಮಕ್ಕಳು ಸೇದುವ ಸಾಲ್ಬುಟಮಾಲ್ ಔಷಧ ಒತ್ತುವುದೂ ಇದನ್ನೇ. ಆಗ ಸ್ನಾಯು ಸಡಿಲಗೊಂಡು ಉಸಿರಾಟ ಸಲೀಸಾಗುತ್ತದೆ.

ಈ ಗುಂಡಿಯ ಆಕಾರವನ್ನು ಕಾಣಲು ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸುವುದು ಒಂದು ದಾರಿ. ಅದಕ್ಕೆ ಸಾಕಷ್ಟು ಶುದ್ಧ ಪ್ರೋಟೀನು ಬೇಕು. ನಮ್ಮ ಕೋಶಗಳಲ್ಲಿ ಅದು ಇರುವುದು ಅತ್ಯಲ್ಪ. ಬ್ಯಾಕ್ಟೀರಿಯಾಗಳಿಂದ ಮಾಡಿಸೋಣವೆಂದರೆ, ಪೊರೆಯನ್ನು ಏಳು ಬಾರಿ ಹಾಯುವ ಈ ಪ್ರೋಟೀನನ್ನು ಸರಿಯಾಗಿ ಮಡಿಸುವುದು ಅವಕ್ಕೆ ಕಷ್ಟ.

ಆಗ ನೆರವಿಗೆ ಬಂದದ್ದು ಒಂದು ಪತಂಗ, ಸ್ಪೊಡಾಪ್ಟೆರಾ ಫ್ರುಜಿಪರ್ಡಾ. 2018ರಲ್ಲಿ ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ, ಭಾರತದಲ್ಲೇ ಮೊದಲಿಗೆ, ಕಾಣಿಸಿಕೊಂಡು ರೈತರ ನಿದ್ದೆಗೆಡಿಸಿದ ಸೈನಿಕ ಹುಳು ಇದರ ಮರಿಯೇ! ಇದರ ತವರು ಅಮೆರಿಕ ಖಂಡ. ಇದರ ಪ್ಯೂಪಾದ ಅಂಡಾಶಯದಿಂದ ತೆಗೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದ್ದನ್ನು ಅಮೆರಿಕದ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದರು. ಅದರಿಂದ ಕವಲೊಡೆದ ಎಸ್‌ಎಫ್-9 ಎಂಬ ಕೋಶಸಂತತಿ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಸುಮಾರು 27 ಡಿಗ್ರಿ ಸೆಲ್ಸಿಯಸ್ ಶಾಖವಿದ್ದರೆ ಸಾಕು, ಅದು ಹುಲುಸಾಗಿ ಬೆಳೆಯುತ್ತದೆ.

ಇಂಥ ಹುಳುಗಳಿಗೆ ತಗಲುವ ಬಾಕ್ಯುಲೊವೈರಸ್ ತನ್ನ ರಕ್ಷಣೆಗೆಂದು ಒಂದು ಪ್ರೋಟೀನನ್ನು ರಾಶಿರಾಶಿಯಾಗಿ ಮಾಡಿಸಿಕೊಳ್ಳುತ್ತದೆ. ಆ ಜೀನಿನ ಜಾಗದಲ್ಲಿ ಮನುಷ್ಯನ ಜೀನನ್ನು ಇಟ್ಟರೆ? 1983ರಲ್ಲಿ ಟೆಕ್ಸಾಸ್‌ನ ಮ್ಯಾಕ್ಸ್ ಸಮ್ಮರ್ಸ್, ಗೇಲ್ ಸ್ಮಿತ್ ಮತ್ತು ಸಂಗಡಿಗರು ಹೀಗೆಯೇ ಮಾಡಿ ಹುಳುವಿನ ಕೋಶದಿಂದ ಮನುಷ್ಯನ ಇಂಟರ್‌ಫೆರಾನ್ ಪಡೆದರು.

ಇದೇ ಉಪಾಯದಿಂದ ಸ್ಟ್ಯಾನ್‌ಫರ್ಡ್‌ನ ಬ್ರಯನ್ ಕೋಬಿಲ್ಕ ಮತ್ತು ಸಹೋದ್ಯೋಗಿಗಳು ಎಸ್‌ಎಫ್-9 ಕೋಶಗಳಲ್ಲಿ ಬೀಟಾ-2 ತಯಾರಿಸಿ, 2007ರಲ್ಲಿ ಅದರ ರೂಪವನ್ನು ಲೋಕಕ್ಕೆ ತೋರಿಸಿದರು. 2011ರಲ್ಲಿ ಇನ್ನೂ ಒಂದು ಹೆಜ್ಜೆ: ಗ್ರಾಹಕವು ಜಿ-ಪ್ರೋಟೀನಿಗೆ ಸುದ್ದಿ ದಾಟಿಸುವ ಭಂಗಿಯೇ ಹರಳಿನಲ್ಲಿ ಸೆರೆಯಾಯಿತು. ಈ ಬಾರಿ ಜಿ-ಪ್ರೋಟೀನನ್ನು ಮಾಡಿಕೊಟ್ಟದ್ದು ಎಲೆಕೋಸು ತಿನ್ನುವ ಇನ್ನೊಂದು ಹುಳುವಿನ ಪತಂಗದ ಕೋಶಗಳು. ಮರುವರ್ಷ ಕೋಬಿಲ್ಕ ಮತ್ತು ಅವರ ಗುರು ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು.

ಇದರಿಂದ ನಮಗೇನು ಲಾಭ? ಸಾಲ್ಬುಟಮಾಲ್ ಸೇದಿದ ಕೆಲವು ಮಕ್ಕಳಿಗೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಹೃದಯದಲ್ಲಿಯೂ ಸ್ನಾಯುಗಳಲ್ಲಿಯೂ ಇಂಥವೇ ಗುಂಡಿಗಳಿರುವುದು ಇದಕ್ಕೆ ಕಾರಣ. ಬೇಕಾದ ಗುಂಡಿಯನ್ನಷ್ಟೇ ಒತ್ತುವ ಮದ್ದು ರೂಪಿಸಲು ಮೊದಲು ಗುಂಡಿಯ ಆಕಾರ ತಿಳಿದಿರಬೇಕು. ಹೊಲದಲ್ಲಿ ಈ ಹುಳುವನ್ನು ಹತೋಟಿಯಲ್ಲಿಡಲೇಬೇಕು, ನಿಜ. ಆದರೆ ಪ್ರಯೋಗಾಲಯದಲ್ಲಿ ಅದರ ಋಣ ನಮ್ಮ ಮೇಲಿದೆ.