ಕೋಣೆಯ ಗಾಳಿಗೆ ನೀರುಣಿಸುವ ಮುನ್ನ

ಕುಡಿಯುವ ನೀರಿನ ವಿಷಯದಲ್ಲಿ ನಮ್ಮ ಹಿರಿಯರು ತೋರುತ್ತಿದ್ದ ಎಚ್ಚರ ದೊಡ್ಡದು. ಬಟ್ಟೆಯಲ್ಲಿ ಸೋಸದೆ ಅವರು ನೀರನ್ನು ಹರವಿಗೆ ತುಂಬುತ್ತಿರಲಿಲ್ಲ. ಹರವಿಯನ್ನು ತಿಕ್ಕಿ ತೊಳೆಯದೆ ಹೊಸ ನೀರು ಹಾಕುತ್ತಿರಲಿಲ್ಲ. ಆ ಶಿಸ್ತು ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳನ್ನು ಪ್ರವೇಶಿಸಿರುವ ಹ್ಯುಮಿಡಿಫೈಯರ್ ಎಂಬ ಪುಟ್ಟ ಯಂತ್ರವಾದರೋ ನೀರನ್ನು ಗಾಳಿಯಲ್ಲಿ ಬೆರೆಸಿ ನಮ್ಮ ಉಸಿರಿನೊಳಕ್ಕೆ ಕಳುಹಿಸುತ್ತದೆ. ಬಹಳಷ್ಟು ಮನೆಗಳಲ್ಲಿ ಇದರ ಸ್ಥಾನ ತೊಟ್ಟಿಲ ಬಳಿ, ಇಲ್ಲವೇ ವಯೋವೃದ್ಧರ ಮಂಚದ ಬಳಿ. ಕುಡಿಯುವ ನೀರಿಗೆ ತೋರುವ ಎಚ್ಚರವನ್ನು ಉಸಿರಾಡುವ ನೀರಿಗೂ ನಾವು ತೋರುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಯಂತ್ರದ ಆಯ್ಕೆ ಮತ್ತು ಬಳಕೆಗಳನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಗಾಳಿ ಒಣಗುವುದೇಕೆ?

ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ತನ್ನಲ್ಲಿ ಇರಿಸಿಕೊಳ್ಳಬಲ್ಲದು. ಒಂದು ಘನ ಮೀಟರ್ ಗಾಳಿಯಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5 ಗ್ರಾಂ ನೀರಾವಿ ಹಿಡಿಸಿದರೆ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಹಿಡಿಸುತ್ತದೆ. ಹಿಡಿಸಬಹುದಾದ ಪ್ರಮಾಣದಲ್ಲಿ ನೂರಕ್ಕೆ ಎಷ್ಟು ಪಾಲು ನಿಜವಾಗಿ ಇದೆ ಎಂಬುದನ್ನೇ ಸಾಪೇಕ್ಷ ಆರ್ದ್ರತೆ ಎನ್ನುತ್ತೇವೆ.

ಹಿಮ ಬೀಳುವ ನಾಡುಗಳಲ್ಲಿ 0 ಡಿಗ್ರಿಯ ಹೊರಗಾಳಿ ಮನೆಯೊಳಗೆ ಬಂದು 20 ಡಿಗ್ರಿಗೆ ಕಾದಾಗ, ಅದರಲ್ಲಿರುವ ನೀರು ಅಷ್ಟೇ ಉಳಿದರೂ ಆರ್ದ್ರತೆ ನೂರರಿಂದ ಸುಮಾರು 28ಕ್ಕೆ ಕುಸಿಯುತ್ತದೆ. ಹೊರಗಿನ ಚಳಿ ಶೂನ್ಯಕ್ಕಿಂತ ಕೆಳಗಿಳಿದಷ್ಟೂ ಒಳಗಿನ ಶುಷ್ಕತೆ ಏರುತ್ತದೆ. ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ಶಿಕಾಗೊ, ಮಿನಿಯಾಪೊಲಿಸ್‌ಗಳಂಥ ಊರಿಗೆ ಹೋಗುವ ನಮ್ಮ ತಾಯಂದಿರಿಗೆ ತುಟಿ ಬಿರಿಯುವುದು, ಮೂಗು ಒಣಗಿ ರಕ್ತ ಕಾಣಿಸುವುದು, ಬಾಗಿಲ ಹಿಡಿಕೆ ಮುಟ್ಟಿದೊಡನೆ ಚುರ್ರೆಂದು ಕಿಡಿ ತಾಗುವುದು, ಇವೆಲ್ಲ ಈ ಕಾರಣದಿಂದಲೇ.

ನಮ್ಮ ನಾಡಿನಲ್ಲಿ ಶುಷ್ಕತೆ ಬೇಸಗೆಯ ಮಾತು. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಮಾರ್ಚ್, ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ಆರ್ದ್ರತೆ ಶೇಕಡಾ 20-30ರ ಆಸುಪಾಸಿಗೆ ಇಳಿಯುವುದುಂಟು. ಇದಲ್ಲದೆ ಹವಾನಿಯಂತ್ರಕವೂ ಗಾಳಿಯನ್ನು ಒಣಗಿಸುತ್ತದೆ. ಅದರ ಕೊಳವೆಯಿಂದ ಹೊರಗೆ ತೊಟ್ಟಿಕ್ಕುವ ನೀರು ಕೋಣೆಯ ಗಾಳಿಯಿಂದಲೇ ಬಂದದ್ದು. ಆದರೆ ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಾಗಲಿ, ಮಳೆಗಾಲದ ಮಲೆನಾಡಿನಲ್ಲಾಗಲಿ ಈ ಯಂತ್ರಕ್ಕೆ ಕೆಲಸವಿಲ್ಲ.

ಮೊದಲು ಅಳೆಯಿರಿ

ಗಂಟಲು ಒಣಗಿತೆಂದ ಮಾತ್ರಕ್ಕೆ ಅಂಗಡಿಗೆ ಓಡಬೇಕಾಗಿಲ್ಲ. ಮೊದಲು ಕೊಳ್ಳಬೇಕಾದದ್ದು ಹೈಗ್ರೋಮೀಟರ್ ಎಂಬ ಆರ್ದ್ರತಾಮಾಪಕ. ಯಂತ್ರಕ್ಕಿಂತ ಬಹಳ ಕಡಿಮೆ ಬೆಲೆಗೆ ಅದು ದೊರೆಯುತ್ತದೆ. ಮನೆಯೊಳಗಿನ ಆರ್ದ್ರತೆ ಶೇಕಡಾ 30ರಿಂದ 50ರೊಳಗೆ ಇರುವುದು ಹಿತವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಮಾಪಕ ಹಲವು ದಿನ 30ಕ್ಕಿಂತ ಕೆಳಗೇ ನಿಂತರೆ ಮಾತ್ರ ಯಂತ್ರದ ವಿಚಾರ ಮಾಡಬಹುದು. 50ನ್ನು ದಾಟಿದಂತೆ ಹಾಸಿಗೆ, ದಿಂಬುಗಳಲ್ಲಿ ಬದುಕುವ ಧೂಳಿನ ನುಸಿಗೆ ಅನುಕೂಲ. 60ನ್ನು ಮೀರಿದರೆ ಗೋಡೆಯ ಮೂಲೆಗಳಲ್ಲಿ ಬೂಷ್ಟು ಬೆಳೆಯಲು ದಾರಿ. ಇವೆರಡೂ ದಮ್ಮಿನ ಕಾಯಿಲೆಯವರಿಗೆ ಶತ್ರುಗಳು. ಒಣಗಾಳಿಯಿಂದ ಪಾರಾಗಲು ಹೋಗಿ ಅಸ್ತಮಾವನ್ನು ಕೆರಳಿಸಿಕೊಂಡಂತಾಗಬಾರದು.

ಅಗ್ಗದ ಮಾಪಕಗಳು ಕೊಂಚ ಹೆಚ್ಚುಕಡಿಮೆ ತೋರುವುದು ಸಹಜ. ಅದನ್ನು ಪರೀಕ್ಷಿಸುವ ಉಪಾಯ ಅಡುಗೆಮನೆಯಲ್ಲಿಯೇ ಇದೆ. ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪು ಹಾಕಿ, ಕರಗಿಹೋಗದಂತೆ ಹನಿಹನಿಯಾಗಿ ನೀರು ಬೆರೆಸಿ ಒದ್ದೆ ಮಾಡಿರಿ. ಅದನ್ನು ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಒಂದು ಹಗಲೋ ರಾತ್ರಿಯೋ ಬಿಡಿರಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ಆರ್ದ್ರತೆ ಶೇಕಡಾ 75ರಲ್ಲಿ ನಿಲ್ಲುವುದು ನಿಸರ್ಗನಿಯಮ. ಮಾಪಕ 70 ತೋರಿದರೆ, ಮುಂದೆ ಅದರ ಲೆಕ್ಕಕ್ಕೆ 5 ಕೂಡಿಸಿಕೊಂಡರಾಯಿತು.

ಮೂರು ಬಗೆಯ ಯಂತ್ರಗಳು

ಮಾರುಕಟ್ಟೆಯಲ್ಲಿ ದೊರೆಯುವ ಯಂತ್ರಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನೀರನ್ನು ಕುದಿಸಿ ಹಬೆಯಾಡಿಸುವಂಥದು. ಕುದಿತದಲ್ಲಿ ರೋಗಾಣುಗಳು ಸಾಯುತ್ತವೆ; ಲವಣಗಳು ಪಾತ್ರೆಯ ತಳದಲ್ಲಿಯೇ ಉಳಿಯುತ್ತವೆ. ಆದರೆ ವಿದ್ಯುತ್ ಖರ್ಚು ಹೆಚ್ಚು. ತೆವಳುವ, ಎದ್ದು ನಿಂತು ಎಳೆದಾಡುವ ಮಕ್ಕಳಿರುವ ಮನೆಯಲ್ಲಿ ಸುಟ್ಟ ಗಾಯದ ಭಯ ಇದ್ದೇ ಇದೆ. ಈ ಕಾರಣದಿಂದಲೇ ಮಕ್ಕಳ ಕೋಣೆಗೆ ತಣ್ಣನೆಯ ಯಂತ್ರವನ್ನೇ ಬಳಸಿರೆಂದು ಅಮೆರಿಕದ ಶಿಶುವೈದ್ಯರ ಸಂಘ ಸಲಹೆ ಮಾಡಿದೆ.

ಎರಡನೆಯದು ಅಲ್ಟ್ರಾಸಾನಿಕ್ ಯಂತ್ರ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದರೊಳಗಿನ ಪುಟ್ಟ ಬಿಲ್ಲೆಯೊಂದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಕಂಪಿಸಿ ನೀರನ್ನು ಅತಿ ಸೂಕ್ಷ್ಮ ಹನಿಗಳಾಗಿ ಸಿಡಿಸುತ್ತದೆ. ಸದ್ದಿಲ್ಲ, ಬಿಸಿಯಿಲ್ಲ, ವಿದ್ಯುತ್ ಖರ್ಚು ಅತ್ಯಲ್ಪ. ಬಿಳಿಯ ಮಂಜು ಏಳುವ ನೋಟ ಚೆಂದ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಇಲ್ಲಿ ನೀರು ಹನಿಯಾಗಿಯೇ ಹಾರುವುದರಿಂದ, ನೀರಿನಲ್ಲಿರುವ ಲವಣ, ಕ್ರಿಮಿ, ನಾವು ಬೆರೆಸಿದ ಔಷಧ ಎಲ್ಲವೂ ಅದರೊಡನೆ ಹಾರುತ್ತವೆ.

ಮೂರನೆಯದು ಒದ್ದೆಯಾದ ಬತ್ತಿ ಅಥವಾ ಜಾಲರಿಯ ಮೂಲಕ ಫ್ಯಾನಿನಿಂದ ಗಾಳಿ ಹಾಯಿಸುವಂಥದು. ಬೇಸಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿಯ ತತ್ತ್ವವೇ ಇದರದು. ಆವಿ ಮಾತ್ರ ಹೊರಬರುತ್ತದೆ, ಲವಣ ಬತ್ತಿಯಲ್ಲಿ ಉಳಿಯುತ್ತದೆ. ಕೋಣೆಯ ಆರ್ದ್ರತೆ ಏರಿದಂತೆ ಆವಿಯಾಗುವ ವೇಗ ತಾನಾಗಿ ತಗ್ಗುವುದರಿಂದ ಅತಿಯಾಗುವ ಭಯವೂ ಕಡಿಮೆ. ಫ್ಯಾನಿನ ಸದ್ದು, ಆಗಾಗ ಬತ್ತಿ ಬದಲಿಸುವ ಖರ್ಚು, ಇವೆರಡನ್ನು ಸಹಿಸಿಕೊಳ್ಳಬೇಕು. ಬಿಡಿ ಬತ್ತಿಗಳು ಊರಿನಲ್ಲಿ ದೊರೆಯುವುದಾದರೆ ಮನೆಮಂದಿಗೆ ಇದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಯಾವ ಬಗೆಯದನ್ನೇ ಆರಿಸಲಿ, ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿರಿ: ಟ್ಯಾಂಕಿನ ಬಾಯಲ್ಲಿ ನಿಮ್ಮ ಕೈ ಇಳಿದು ತಳ ಮುಟ್ಟುತ್ತದೆಯೇ ನೋಡಿರಿ. ಕೈ ಇಳಿಯದ ಟ್ಯಾಂಕು ತೊಳೆಯಲಾಗದ ಟ್ಯಾಂಕು. ನೀರು ಮುಗಿದಾಗ ತಾನಾಗಿ ನಿಲ್ಲುವ ಏರ್ಪಾಡು ಇರಬೇಕು. ಬಣ್ಣದ ದೀಪಗಳಿಗೆ ಮರುಳಾಗಬೇಕಾಗಿಲ್ಲ.

ಎಷ್ಟು ದೊಡ್ಡದು ಬೇಕು?

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವುದು ಸುಮಾರು 34 ಘನ ಮೀಟರ್ ಗಾಳಿ. 25 ಡಿಗ್ರಿ ಉಷ್ಣತೆಯಲ್ಲಿ ಅದರ ಆರ್ದ್ರತೆಯನ್ನು ಶೇಕಡಾ 20ರಿಂದ 45ಕ್ಕೆ ಏರಿಸಲು ಬೇಕಾಗುವುದು ಸುಮಾರು 200 ಗ್ರಾಂ ನೀರು, ಎಂದರೆ ಒಂದು ಲೋಟ! ಬಾಗಿಲ ಸಂದಿಯಿಂದ ಗಾಳಿ ಬದಲಾಗುತ್ತಲೇ ಇರುವುದರಿಂದ ಮುಂದೆ ಗಂಟೆಗೆ ಅರ್ಧ ಲೋಟವೋ ಒಂದು ಲೋಟವೋ ಬೇಕಾದೀತು. ಮಲಗುವ ಕೋಣೆಗೆ ಗಂಟೆಗೆ 200 ಮಿಲಿಲೀಟರ್‌ನಷ್ಟು ನೀರನ್ನು ಆವಿಯಾಗಿಸುವ ಯಂತ್ರ ಸಾಕೆಂಬುದು ಇದರಿಂದ ತಿಳಿಯುತ್ತದೆ. ರಾತ್ರಿಯೆಲ್ಲ ಮಂಜು ಕವಿದಂತೆ ಯಂತ್ರ ನಡೆಸಿದರೆ ಆಗುವುದು ಹಾಸಿಗೆ ತೇವವೇ ಹೊರತು ಆರೋಗ್ಯವಲ್ಲ. ಚಳಿದೇಶಗಳಲ್ಲಿ ಕಿಟಕಿಯ ಗಾಜು ಬೆವರತೊಡಗಿದರೆ, ಯಂತ್ರವನ್ನು ತಗ್ಗಿಸಬೇಕೆಂದು ಮನೆಯೇ ಹೇಳುತ್ತಿದೆ ಎಂದು ತಿಳಿಯಬೇಕು.

ಯಾವ ನೀರು?

ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು, ಬೇರೆ ನೀರೇ ಇಲ್ಲದಲ್ಲಿ 2000ದವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. 500 ಮಿಲಿಗ್ರಾಂ ಇರುವ ನೀರನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ಒಂದು ರಾತ್ರಿಗೆ ಮೂರು ಲೀಟರಿನಂತೆ ಹಾರಿಸಿದರೆ, ಒಂದೂವರೆ ಗ್ರಾಂ ಲವಣದ ನುಣುಪು ಧೂಳು ಕೋಣೆಯ ಗಾಳಿಗೆ ಸೇರುತ್ತದೆ. ಮೇಜಿನ ಮೇಲೆ ಬೆಳಿಗ್ಗೆ ಕಾಣುವ ಬಿಳಿ ಪುಡಿ ಇದೇ. ಮೇಜಿನ ಮೇಲೆ ಕೂತದ್ದು ಕಂಡಿತು; ಉಸಿರಿನೊಡನೆ ಎದೆಗಿಳಿದದ್ದು ಕಾಣಲಿಲ್ಲ. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ಗಡಸು ನೀರಿನಲ್ಲಿ ಈ ಲೆಕ್ಕ ಇಮ್ಮಡಿ ಮುಮ್ಮಡಿಯಾಗುವುದುಂಟು.

ಆದುದರಿಂದ ಈ ಬಗೆಯ ಯಂತ್ರಕ್ಕೆ ಭಟ್ಟಿಯಿಳಿಸಿದ ನೀರು ಉತ್ತಮ. ಆರ್‌ಓ ಶುದ್ಧೀಕರಣದ ನೀರು ಮಧ್ಯಮ. ನಲ್ಲಿಯ ನೀರು, ಕೊಳವೆಬಾವಿಯ ನೀರು ಸಲ್ಲದು. ಕುದಿಸಿ ಆರಿಸಿದ ನೀರಿನಲ್ಲಿ ಕ್ರಿಮಿಗಳು ಸತ್ತರೂ ಲವಣದ ಬಹುಪಾಲು ಹಾಗೆಯೇ ಉಳಿಯುತ್ತದೆ. ಹವಾನಿಯಂತ್ರಕದಿಂದ ತೊಟ್ಟಿಕ್ಕಿದ ನೀರಿನಲ್ಲಿ ಲವಣ ಕಡಿಮೆಯಾದರೂ ಒಳಗಿನ ಬೂಷ್ಟು, ಧೂಳುಗಳು ಸೇರಿರುವುದರಿಂದ ಅದನ್ನೂ ಬಳಸಬಾರದು.

ಎರಡು ದುರಂತಗಳ ಪಾಠ

2008ರ ಕೊನೆಯಲ್ಲಿ ಸೈಪ್ರಸ್ ದ್ವೀಪದ ಆಸ್ಪತ್ರೆಯೊಂದರ ನವಜಾತ ಶಿಶುಗಳ ಕೊಠಡಿಯಲ್ಲಿ ಅಲ್ಟ್ರಾಸಾನಿಕ್ ಯಂತ್ರವನ್ನಿರಿಸಲಾಗಿತ್ತು. ಅದಕ್ಕೆ ತುಂಬಿದ ನೀರಿನಲ್ಲಿ ಲೀಜನೆಲ್ಲ ಎಂಬ ರೋಗಾಣು ಸೇರಿಕೊಂಡಿತ್ತು. ದಿನ ತುಂಬಿ ಹುಟ್ಟಿದ ಶಿಶುಗಳು ಸೋಂಕಿಗೆ ಸಿಕ್ಕಿದವು. ಮೂರು ಶಿಶುಗಳು ಅಸುನೀಗಿದವು.

ಇನ್ನೊಂದು ದುರಂತ ಇದಕ್ಕಿಂತ ಬಹಳ ದೊಡ್ಡದು. ದಕ್ಷಿಣ ಕೊರಿಯದಲ್ಲಿ 1994ರಿಂದ 2011ರವರೆಗೆ, ಹ್ಯುಮಿಡಿಫೈಯರ್‌ನ ನೀರಿಗೆ ಬೆರೆಸಲೆಂದೇ ಕ್ರಿಮಿನಾಶಕ ದ್ರಾವಣಗಳು ಮಾರಾಟವಾಗುತ್ತಿದ್ದವು. ಟ್ಯಾಂಕಿನಲ್ಲಿ ಲೋಳೆ ಕಟ್ಟಬಾರದೆಂಬುದು ಉದ್ದೇಶ. 2011ರಲ್ಲಿ ರಾಜಧಾನಿ ಸೋಲ್‌ನಲ್ಲಿ ಗರ್ಭಿಣಿಯರೂ ಬಾಣಂತಿಯರೂ ಕಾರಣ ತಿಳಿಯದ ಶ್ವಾಸಕೋಶದ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರತೊಡಗಿದಾಗ ತನಿಖೆ ನಡೆಯಿತು. ಪಿಎಚ್‌ಎಂಜಿ ಮುಂತಾದ ಆ ರಾಸಾಯನಿಕಗಳು ಉಸಿರಿನಲ್ಲಿ ಸೇರಿ ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತಿದ್ದುದು ಬಯಲಾಯಿತು. ಆ ವರ್ಷವೇ ದ್ರಾವಣಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಅಷ್ಟರಲ್ಲಿ ಕಾಲ ಮೀರಿತ್ತು. ಈ ವಿಷಕ್ಕೆ ಬಲಿಯಾದವರ ಸಂಖ್ಯೆ ಸಾವಿರವನ್ನು ಮೀರುತ್ತದೆ.

ಈ ದುರಂತದಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಲಕುವ ಸಂಗತಿ ಒಂದಿದೆ. ಆ ದ್ರಾವಣವನ್ನು ಕೊಂಡವರು ಅಲಕ್ಷ್ಯದ ಜನರಾಗಿರಲಿಲ್ಲ. ಮಗು ಉಸಿರಾಡುವ ನೀರು ಶುದ್ಧವಾಗಿರಲಿ ಎಂದು ಬಯಸಿ ಹಣ ತೆತ್ತ ತಾಯಿತಂದೆಯರು ಅವರು. ತಿಕ್ಕಿ ತೊಳೆಯುವ ಕೆಲಸವನ್ನು ಒಂದು ಮುಚ್ಚಳ ಔಷಧ ಮಾಡಿಕೊಟ್ಟೀತೆಂಬ ಭರವಸೆಯನ್ನು ಅವರಿಗೆ ಮಾರಲಾಗಿತ್ತು. ಆದ್ದರಿಂದ ಈ ಯಂತ್ರದ ಟ್ಯಾಂಕಿಗೆ ನೀರಿನ ಹೊರತು ಬೇರೇನನ್ನೂ ಹಾಕಬಾರದು. ಡೆಟ್ಟಾಲ್, ಫಿನೈಲ್‌ಗಳ ಮಾತು ಹಾಗಿರಲಿ, ಶೀತಕ್ಕೆ ಒಳ್ಳೆಯದೆಂದು ನೀಲಗಿರಿ ಎಣ್ಣೆ, ಕರ್ಪೂರಗಳನ್ನು ಬೆರೆಸುವ ರೂಢಿಯೂ ಬೇಡ. ಎಳೆಯ ಮಕ್ಕಳ ಉಸಿರಾಟಕ್ಕೆ ಅವು ತೊಂದರೆ ಕೊಡಬಲ್ಲವು.

ನಿತ್ಯದ ಶಿಸ್ತು

ಪ್ರತಿದಿನ ಬೆಳಿಗ್ಗೆ ಪ್ಲಗ್ ಕಿತ್ತು, ಉಳಿದ ನೀರನ್ನು ಚೆಲ್ಲಿ, ಟ್ಯಾಂಕನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ ಬೋರಲು ಹಾಕಿರಿ. ನಿನ್ನೆಯ ನೀರಿಗೆ ಇಂದಿನ ನೀರು ಸೇರಿಸಬೇಡಿರಿ. ಮೂರು ದಿನಕ್ಕೊಮ್ಮೆ ಬಿಳಿ ವಿನಿಗರ್ ಬೆರೆಸಿದ ನೀರನ್ನು ಅರ್ಧ ಗಂಟೆ ನಿಲ್ಲಿಸಿ, ಮೂಲೆಗಳನ್ನು ಮೃದುವಾದ ಬ್ರಷ್‌ನಿಂದ ತಿಕ್ಕಿ, ವಾಸನೆ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ಜಾಲಿಸಿರಿ. ಬತ್ತಿ ಗಡುಸಾದರೆ, ಕಮಟು ವಾಸನೆ ಬಂದರೆ ಬದಲಿಸಿರಿ. ಕಾಲ ಮುಗಿದ ಮೇಲೆ ಪೂರ್ತಿ ಒಣಗಿಸಿ ಎತ್ತಿಡಿರಿ. ಯಂತ್ರ ನಡೆಸಿದ ದಿನಗಳಲ್ಲಿ ಜ್ವರ, ಕೆಮ್ಮು ಹೆಚ್ಚಿದಂತೆ ತೋರಿದರೆ ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣಿರಿ. ಹಿರಿಯರ ಮೂಗಿನಲ್ಲಿ ಮತ್ತೆ ಮತ್ತೆ ರಕ್ತ ಕಾಣಿಸಿದರೆ ಒಣಗಾಳಿಯನ್ನಷ್ಟೇ ದೂರದೆ ರಕ್ತದೊತ್ತಡವನ್ನೂ ನೋಡಿಸಿರಿ.

ಉತ್ತರ ಕರ್ನಾಟಕದ ಮನೆಮನೆಯ ಏರ್ ಕೂಲರಿಗೂ ಈ ಶಿಸ್ತು ಸಲ್ಲುತ್ತದೆ. ಅದೂ ಗಾಳಿಗೆ ನೀರುಣಿಸುವ ಯಂತ್ರವೇ. ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ಒಂದೆರಡು ವಾರದೊಳಗೆ ಮರಿಗಳು ರೆಕ್ಕೆ ಪಡೆದು ಹಾರುತ್ತವೆ. ವಾರಕ್ಕೊಂದು ದಿನವಾದರೂ ಕೂಲರಿನ ತೊಟ್ಟಿಯನ್ನು ಬರಿದು ಮಾಡಿ, ಒಳಮೈ ತಿಕ್ಕಿ, ಒಣಗಿಸುವುದು ಮನೆಗೂ ನೆರೆಮನೆಗೂ ಕ್ಷೇಮ.

ದಿನವೂ ತೊಳೆಯುವ ವ್ಯವಧಾನ ಯಾರಿಗೂ ಇಲ್ಲದ ಮನೆಯಲ್ಲಿ ಈ ಯಂತ್ರ ಇಲ್ಲದಿರುವುದೇ ಲೇಸು. ಒದ್ದೆ ಬಟ್ಟೆಗಳನ್ನು ಕೋಣೆಯಲ್ಲಿ ಹರವಿದರೆ ಅಷ್ಟಿಷ್ಟು ತೇವ ಬರುತ್ತದೆ. ಹವಾನಿಯಂತ್ರಕವನ್ನು ಕಡಿಮೆ ಹೊತ್ತು ನಡೆಸಬಹುದು. ತುಟಿಗೆ ತುಪ್ಪ, ಚರ್ಮಕ್ಕೆ ಕೊಬ್ಬರಿ ಎಣ್ಣೆ, ಮೂಗಿಗೆ ವೈದ್ಯರು ಹೇಳಿದ ಉಪ್ಪುನೀರಿನ ಹನಿ, ಆಗಾಗ ಗುಟುಕು ನೀರು, ಇವು ಎಷ್ಟೋ ಜನರಿಗೆ ಸಾಕಾಗುತ್ತವೆ. ಯಂತ್ರ ಬೇಕೇ ಬೇಕೆನಿಸಿದರೆ, ಪ್ರತಿದಿನ ಅದನ್ನು ತೊಳೆಯುವವರು ಯಾರೆಂಬುದನ್ನು ಮನೆಯವರೆಲ್ಲ ಕುಳಿತು ಮೊದಲು ನಿಶ್ಚಯಿಸಿಕೊಳ್ಳಲಿ. ಯಾವುದನ್ನು ಕೊಳ್ಳಬೇಕೆಂಬುದನ್ನು ಆಮೇಲೆ ನೋಡೋಣ.