ದೌಲತಾಬಾದಿನಲ್ಲಿ ಬಿದ್ದ ಬೈಕ್, ಕ್ಲೇಮಿನ ಲೆಕ್ಕ

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರಕ್ಕೆ ಹೋಗುವ ಹಳೆಯ ರಸ್ತೆ ದೌಲತಾಬಾದಿನಲ್ಲಿ ಕೋಟೆಯ ದೆಹಲಿ ದರ್ವಾಜಾದ ಒಳಗಿಂದಲೇ ಹಾಯುತ್ತದೆ. ಎದುರಿನಿಂದ ಬಸ್ಸು ಬಂದರೆ ಈಚೆಯವರು ಕಾಯಲೇಬೇಕು. ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 52 ನಮ್ಮ ಕಡೆಯ ಬೈಕ್ ಸವಾರರನ್ನು ನೇರ ಈ ಸೀಮೆಗೇ ತಂದು ಬಿಡುತ್ತದೆ. ಕನ್ನಡ ಶಾಸನಗಳನ್ನೂ ಬರೆಸಿದ ಸೇವುಣರ ರಾಜಧಾನಿ ದೇವಗಿರಿ ಇದೇ. ನಾನೂ ಅದನ್ನು ನೋಡಲೆಂದೇ ವಿಜಯಪುರದಿಂದ ಹೊರಟಿದ್ದೆ.

ಎರಡನೇ ದಿನ ಬೆಳಿಗ್ಗೆ ದರ್ವಾಜಾದ ಹತ್ತಿರ ಮುಂದಿನ ಜೀಪು ಗಕ್ಕನೆ ನಿಂತಿತು. ಮುಂದಿನ ಬ್ರೇಕ್ ಒತ್ತಿದೆ, ಉಸುಕಿನ ಮೇಲೆ ಗಾಲಿ ಜಾರಿತು, ಬೈಕ್ ಎಡಕ್ಕೆ ಮಗುಚಿ ಕಲ್ಲಿಗೆ ಬಡಿಯಿತು. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ, ಬೇರೆ ಯಾರಿಗೂ ತಾಗಲಿಲ್ಲ. ತಾಗಿದ್ದರೆ ಕ್ಲೇಮ್ ಹಾಕಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರುತ್ತಿರಲಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೂ ವಿಮೆ ಕಂಪನಿಗೂ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಸವಾರನ ಕರ್ತವ್ಯ. ಅಂಥ ಹೊತ್ತಿನಲ್ಲಿ ರಸ್ತೆ ಬದಿಯಲ್ಲೇ ಸಾವಿರ ರೂಪಾಯಿ ಕೈಗಿಟ್ಟು ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಊರಿನ ಮೆಕ್ಯಾನಿಕ್ ಒಬ್ಬರು ಅಂದಾಜು ಬರೆದುಕೊಟ್ಟರು. ಹೆಡ್‌ಲೈಟ್ ಡೂಮ್, ಇಂಡಿಕೇಟರ್, ಮಿರರ್ ಸೇರಿ 2,000. ಕ್ಲಚ್ ಲಿವರ್, ಫುಟ್‌ರೆಸ್ಟ್ 700. ಕೂಲಿ 500. ಒಟ್ಟು 3,200 ರೂಪಾಯಿ. ವಿಮೆ ಇದ್ದೇ ಇದೆಯಲ್ಲ, ಕ್ಲೇಮ್ ಹಾಕಿದರಾಯಿತು ಅಂದುಕೊಂಡೆ.

ನಿಜವಾಗಿ ಎಷ್ಟು ಸಿಗುತ್ತದೆ? ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ ಕಳೆಯುತ್ತಾರೆ. ಮೂರು ವರ್ಷ ದಾಟಿ ನಾಲ್ಕು ತುಂಬದ ಬೈಕಿನ ಲೋಹದ ಭಾಗಕ್ಕೆ ಶೇ 25 ಕಡಿತ. ಇದರ ಮೇಲೆ ದ್ವಿಚಕ್ರಕ್ಕೆ 100 ರೂಪಾಯಿಯ ಕಡ್ಡಾಯ ಕಡಿತ ಬೇರೆ. ಇಷ್ಟೆಲ್ಲ ಹೋಗಿ ನನ್ನ ಕೈಗೆ ಬರುವುದು 1,925. ಜೀರೋ ಡೆಪ್ರಿಸಿಯೇಶನ್ ತೆಗೆದುಕೊಂಡಿದ್ದರೆ ಸವಕಳಿಯ ಹೊಡೆತ ಇರುತ್ತಿರಲಿಲ್ಲ. ನಾನು ತೆಗೆದುಕೊಂಡಿರಲಿಲ್ಲ.

ಇನ್ನು ಕಳೆದುಕೊಳ್ಳುವುದು. ಕ್ಲೇಮ್ ಇಲ್ಲದೆ ಕಳೆದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೆಯದಕ್ಕೆ 50 ಹೀಗೆ ನೋ ಕ್ಲೇಮ್ ಬೋನಸ್ ಏರುತ್ತದೆ. ಈ ರಿಯಾಯಿತಿ ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ, ಥರ್ಡ್ ಪಾರ್ಟಿ ಕಂತಿಗೆ ಇಲ್ಲ. ನಾನು 35ರಲ್ಲಿದ್ದೆ. ಕ್ಲೇಮ್ ಹಾಕಿದರೆ ಮುಂದಿನ ವರ್ಷ 45ರ ಬದಲು ಸೊನ್ನೆ. ಅದರ ಮುಂದೆ 50ರ ಬದಲು 20, ಆಮೇಲೆ 25, 35, 45. ಈ ಐದು ವರ್ಷದ ಅಂತರ ಕೂಡಿದರೆ ಶೇ 120 ಆಗುತ್ತದೆ. ಅಂದರೆ ರಿಯಾಯಿತಿಗೆ ಮುಂಚಿನ ಒಂದು ವರ್ಷದ ಪ್ರೀಮಿಯಂಗಿಂತ ಹೆಚ್ಚು. ನನ್ನದು 1,200 ಇತ್ತು, ಹಾಗಾಗಿ ನಷ್ಟ 1,440. ತೆರಿಗೆ ಬೇರೆ. ಎಷ್ಟೋ ಜನ ಬರುವ ವರ್ಷದ ನಷ್ಟವೊಂದನ್ನೇ ನೋಡಿ ತೀರ್ಮಾನಿಸುತ್ತಾರೆ. ಉಳಿಯುವ ಐನೂರು ರೂಪಾಯಿಗೆ ಗ್ಯಾರೇಜು, ಸರ್ವೇಯರ್, ಫಾರ್ಮು ಎಂದು ಪರಊರಿನಲ್ಲಿ ಎರಡು ದಿನ ಕೂರಬೇಕೇ? ಬೇಡವೆಂದು ನಿರ್ಧರಿಸಿದೆ.

ವಿಜಯಪುರದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಅಣ್ಣ ಫೋನಿನಲ್ಲಿ ಬೈದ. “ಏನೂ ಬಿಚ್ಚಿಸಬ್ಯಾಡ. ಮೊದ್ಲ ಫೋಟೋ ತಗಿ, ಫೋರ್ಕ್ ತೋರ್ಸು. ಲೆಕ್ಕಾ ಆಮ್ಯಾಲ.”

ಮೆಕ್ಯಾನಿಕ್ ಬೈಕಿನ ಎದುರು ನಿಂತು ಮುಂದಿನ ಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಅವುಚಿ ಹಿಡಿದರು. ಹ್ಯಾಂಡಲ್ ತಿರುಗಿಸಿ ನೇರ ಮಾಡಲು ನೋಡಿದರು. ಗಾಲಿ ನೇರ ಇದ್ದಾಗ ಹ್ಯಾಂಡಲ್ ಓರೆ, ಹ್ಯಾಂಡಲ್ ನೇರ ಮಾಡಿದರೆ ಗಾಲಿ ಓರೆ. ಒಂದು ಪೈಪು ಬಾಗಿತ್ತು. ಬಿದ್ದ ಜಾಗದಿಂದ ಇದೇ ಬೈಕ್ ಓಡಿಸಿಕೊಂಡು ಬಂದಿದ್ದೆನಲ್ಲ ಎಂದು ಮೈ ಜುಮ್ಮೆಂದಿತು. ಫೋರ್ಕಿನ ಸಾಮಾನು 4,600, ಹೆಚ್ಚುವರಿ ಕೂಲಿ 800. ಬಿಲ್ಲು 8,600ಕ್ಕೆ ಏರಿತು, ವಿಮೆಯಿಂದ ಬರುವುದು 6,175. ಡೂಮ್ ಬದಲಿಸಿ ಹೊರಟುಬಿಟ್ಟಿದ್ದರೆ ಕ್ಲೇಮಿಗೆ ತೋರಿಸಲು ಒಡೆದ ಸಾಮಾನೂ ಇರುತ್ತಿರಲಿಲ್ಲ. ಅದೇ ಸಂಜೆ ಕಂಪನಿಗೆ ಫೋನ್ ಮಾಡಿದೆ. ಪಾಲಿಸಿ ದೇಶದ ಎಲ್ಲ ಕಡೆಯೂ ನಡೆಯುತ್ತದೆ, ಊರಿಗೆ ಮರಳುವ ತನಕ ಕಾಯಬೇಕಾಗಿಲ್ಲ.

ಆ ಸಂಜೆ ಅಣ್ಣನಿಂದ ಇನ್ನೊಂದು ಮಾತು ತಿಳಿಯಿತು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದರ ಜೊತೆ ಬರುವ ಸ್ವಂತ ಹಾನಿಯ ವಿಮೆ ಬಹಳ ಸಲ ಒಂದೇ ವರ್ಷದ್ದು. ಐದು ವರ್ಷ ನಿಶ್ಚಿಂತೆ ಎಂದುಕೊಂಡು ಅದನ್ನು ನವೀಕರಿಸದೆ ಬಿಟ್ಟವರು ಅವನ ಗ್ಯಾರೇಜಿಗೆ ಒಡೆದ ಬೈಕ್ ತಂದು ಕ್ಲೇಮ್ ಕೇಳುತ್ತಾರಂತೆ. ಅವಧಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ಸೂ ಹೋಗುತ್ತದೆ.

ನಾಲ್ಕನೇ ದಿನ ಬೈಕ್ ಸಿಕ್ಕಿತು. ದರ್ವಾಜಾದ ಮುಂದೆ ಎರಡು ಬಸ್ಸು ಹೋಗುವ ತನಕ ನಿಂತು, ಆಮೇಲೆ ಎಲ್ಲೋರದ ದಾರಿ ಹಿಡಿದೆ.